ನೇತ್ರಾಣಿ ಪ್ರವಾಸ: ಎರಡನೆಯ ಉಸಿರಿನ ಲೆಕ್ಕ ಕೇಳಿದ್ದೀರಾ?

ಕಳೆದ ತಿಂಗಳ ಒಂದು ಭಾನುವಾರ ಭಾಂಡುಪ್ ಪಶ್ಚಿಮದಲ್ಲಿ ನಮ್ಮ ಸಂಘದ ಯುವ ವಿಭಾಗದ ಸಭೆ ಜರಗಿತು. ಕಾರ್ಯಸೂಚಿಯಲ್ಲಿ ಇದ್ದದ್ದು ಒಂದೇ ವಿಷಯ, ಈ ವರ್ಷದ ಪ್ರವಾಸ. ಶಿರ್ಡಿ, ಮಹಾಬಲೇಶ್ವರ, ಅಷ್ಟವಿನಾಯಕ ಎಲ್ಲವೂ ಆಗಿ ಹೋಗಿವೆ. ಹಾಗಾಗಿ ಈ ಸಲ ಮಳೆಗಾಲ ಕಳೆದ ಮೇಲೆ ಮುರುಡೇಶ್ವರಕ್ಕೆ ಹೋಗುವುದು, ದೇವರ ದರ್ಶನ ಮುಗಿಸಿ ಮರುದಿನ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುವುದು ಎಂದು ಯುವಕರು ತೀರ್ಮಾನಿಸಿಕೊಂಡೇ ಬಂದಿದ್ದರು. ಥಾಣೆಯಲ್ಲಿ ಮತ್ಸ್ಯಗಂಧಾ ಹತ್ತಿದರೆ ನೇರ ಮುರುಡೇಶ್ವರದಲ್ಲೇ ಇಳಿಯಬಹುದು. ಒಟ್ಟು 32 ಮಂದಿ ಹೆಸರು ಕೊಟ್ಟಿದ್ದರು, ಅದರಲ್ಲಿ 18 ಮಂದಿ ನೀರಿಗೆ ಇಳಿಯುವವರು. ಎರಡು ಕಡೆಯಿಂದ ದರಪಟ್ಟಿ ಬಂದಿತ್ತು. ತಲೆಗೆ 900 ರೂಪಾಯಿಯ ವ್ಯತ್ಯಾಸ. ಕಡಿಮೆಯದಕ್ಕೆ ಎಲ್ಲರೂ ಕೈ ಎತ್ತುವುದರಲ್ಲಿದ್ದರು.

ಕೋಶಾಧಿಕಾರಿಯಾಗಿ ಚೆಕ್ಕಿಗೆ ಸಹಿ ಹಾಕಬೇಕಾದವನು ನಾನು. ಒಂದು ಪ್ರಶ್ನೆ ಕೇಳಿದೆ: ನೀರಿನ ಕೆಳಗೆ ಗಾಳಿ ಮುಗಿದರೆ ಇವರ ಕಡೆ ಏನು ವ್ಯವಸ್ಥೆ ಇದೆ? ಸಭೆಯಲ್ಲಿ ನಗು. "ಅಂಕಲ್, ಜೊತೆಯಲ್ಲಿ ಇನ್‌ಸ್ಟ್ರಕ್ಟರ್ ಇರ್ತಾರಲ್ಲ" ಎಂದ ಒಬ್ಬ. ಸರಿ, ಆ ಇನ್‌ಸ್ಟ್ರಕ್ಟರ್ ಹತ್ತಿರ ಏನಿರುತ್ತದೆ ಎಂದರೆ ಯಾರಿಗೂ ಗೊತ್ತಿಲ್ಲ. ಎರಡು ದರಪಟ್ಟಿಗಳಲ್ಲೂ ಊಟ, ಫೋಟೋ, ವೀಡಿಯೊ, ಬಿಸ್ಕತ್ತು, ನೀರು ಎಲ್ಲ ಬರೆದಿತ್ತು. ಇದೊಂದು ಮಾತ್ರ ಇರಲಿಲ್ಲ.

ಬ್ಯಾಂಕಿನ ಗುಮಾಸ್ತನಿಗೆ ಸಮುದ್ರದ ವಿಷಯ ಯಾಕೆ ಎಂದು ಓದುಗರು ಕೇಳಬಹುದು. ನನಗೂ ಎರಡು ವರ್ಷದ ಹಿಂದೆ ಇದರ ಗಂಧಗಾಳಿ ಇರಲಿಲ್ಲ. ಐರೋಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಈ ಹವ್ಯಾಸ ಹಿಡಿಸಿಕೊಂಡ. ನಾಲ್ಕು ದಿನದ ತರಬೇತಿ ಪಡೆದು ಕಾರ್ಡು ಮಾಡಿಸಿಕೊಂಡ. ಆಮೇಲೆ ಒಂದು ದಿನ ಮನೆಗೆ ಬಂದವನು, ಅವನ ಅಮ್ಮ ಅಡಿಗೆಮನೆಗೆ ಹೋದದ್ದನ್ನು ನೋಡಿಕೊಂಡು, "ಮಾವ, ಅಮ್ಮನಿಗೆ ಹೇಳ್ಬೇಡಿ" ಎಂದು ಶುರು ಮಾಡಿದ.

ಪಶ್ಚಿಮ ಕರಾವಳಿಯಲ್ಲೇ ಒಂದು ಕಡೆ, 12-13 ಮೀಟರ್ ಆಳದಲ್ಲಿ, ಆಮೆಯೊಂದನ್ನು ಹಿಂಬಾಲಿಸುತ್ತಾ ಹೋಗಿದ್ದಾನೆ. ಗೇಜಿನ ಮುಳ್ಳು ಇಳಿದದ್ದನ್ನು ನೋಡಿಲ್ಲ. ಉಸಿರು ಎಳೆದರೆ ಬಿಗಿ, ಇನ್ನೊಂದು ಸಲ ಎಳೆದರೆ ಏನೂ ಇಲ್ಲ. ಜೊತೆಗಾರ ಕ್ಯಾಮರಾ ಹಿಡಿದು ಏಳೆಂಟು ಮೀಟರ್ ಮುಂದೆ. ಪುಣ್ಯಕ್ಕೆ ಇನ್‌ಸ್ಟ್ರಕ್ಟರ್ ಕೈಗೆ ಸಿಗುವಷ್ಟು ಹತ್ತಿರ ಇದ್ದರು. ಅವರು ತಮ್ಮ ಹೆಚ್ಚುವರಿ ಹಳದಿ ಮೌತ್‌ಪೀಸ್ ತೆಗೆದುಕೊಡಲು ಹೋದರೆ ಅದು ಅವರ ಜಾಕೆಟಿನ ಪಟ್ಟಿಯೊಳಗೆ ಸಿಕ್ಕಿಹಾಕಿಕೊಂಡಿತ್ತಂತೆ. ಬಿಡಿಸಲು ಮೂರೋ ನಾಲ್ಕೋ ಸೆಕೆಂಡು. "ಆ ನಾಲ್ಕು ಸೆಕೆಂಡ್ ಮಾವ" ಎಂದವನು ಮುಂದೆ ಮಾತಾಡಲಿಲ್ಲ. ಅಷ್ಟರಲ್ಲಿ ತಂಗಿ ಚಹಾ ತಂದಳು.

ಅಂದಿನಿಂದ ಈ ವಿಷಯವನ್ನು ಅವನಿಂದಲೂ, ಬಾಂಬೆ ಹೈ ತೈಲ ಪ್ರದೇಶದಲ್ಲಿ ಡೈವರ್ ಆಗಿ ದುಡಿದು ಈಗ ನಮ್ಮ ಕಟ್ಟಡದಲ್ಲೇ ಇರುವ ಒಬ್ಬ ಹಿರಿಯರಿಂದಲೂ ಕೇಳಿ ತಿಳಿದುಕೊಂಡಿದ್ದೇನೆ. ನನಗೆ ಅರ್ಥವಾದದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ.

ಬೆನ್ನಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಅದರ ಬಾಯಿಗೆ ಕೂಡಿಸಿದ ಲೋಹದ ಭಾಗಕ್ಕೆ ಫಸ್ಟ್ ಸ್ಟೇಜ್ ಎನ್ನುತ್ತಾರೆ. ಅದು ಒತ್ತಡವನ್ನು ಇಳಿಸಿ ಕೊಳವೆಗಳಿಗೆ ಬಿಡುತ್ತದೆ. ಒಂದು ಕೊಳವೆ ನಮ್ಮ ಬಾಯಿಗೆ. ಇನ್ನೊಂದರ ತುದಿಯಲ್ಲಿ ಹಳದಿ ಬಣ್ಣದ ಇನ್ನೊಂದು ಮೌತ್‌ಪೀಸ್, ಅದಕ್ಕೆ ಆಕ್ಟೋಪಸ್ ಎಂಬ ಹೆಸರು. ಎಲ್ಲರೂ ತೋರಿಸುವ "ಬ್ಯಾಕಪ್" ಇದೇ. ಇಲ್ಲಿಯೇ ನಮ್ಮವರು ತಪ್ಪು ತಿಳಿಯುವುದು. ಈ ಹಳದಿ ಮೌತ್‌ಪೀಸ್ ಮುಖ್ಯವಾಗಿ ಅದನ್ನು ಹೊತ್ತವನಿಗಾಗಿ ಇರುವುದಲ್ಲ, ಅವನ ಜೊತೆಗಾರನಿಗಾಗಿ. ಯಾಕೆಂದರೆ ಎರಡಕ್ಕೂ ಸಿಲಿಂಡರ್ ಒಂದೇ, ಫಸ್ಟ್ ಸ್ಟೇಜ್ ಒಂದೇ. ನನ್ನ ಸಿಲಿಂಡರ್ ಬರಿದಾದರೆ ನನ್ನ ಬಾಯಿಯದೂ ನಿಂತಿತು, ನನ್ನ ಹಳದಿಯದೂ ನಿಂತಿತು.

ಬ್ಯಾಂಕಿನವರಿಗೆ ಇದು ಬೇಗ ತಿಳಿಯುತ್ತದೆ. ಸ್ಟ್ರಾಂಗ್ ರೂಮಿನ ನಕಲು ಕೀಲಿಯನ್ನು ನಾವು ಅದೇ ಶಾಖೆಯ ಡ್ರಾವರಿನಲ್ಲಿ ಇಡುವುದಿಲ್ಲ. ಬೇರೆ ಶಾಖೆಗೆ ಕೊಟ್ಟು ರಸೀತಿ ಪಡೆಯುತ್ತೇವೆ. ಅಸಲಿಗೆ ಬಂದ ಆಪತ್ತು ನಕಲಿಗೂ ಬರಬಾರದು ಎಂಬುದೇ ಅದರ ಉದ್ದೇಶ. ಆಕ್ಟೋಪಸ್ ಎಂದರೆ ಅದೇ ಡ್ರಾವರಿನಲ್ಲಿಟ್ಟ ನಕಲು ಕೀಲಿ. ನನಗೆ ಅದು ಉಪಯೋಗಕ್ಕೆ ಬರಬೇಕಾದರೆ ಇನ್ನೊಬ್ಬರ ಬೆನ್ನಿನಲ್ಲಿ ಇರಬೇಕು, ಆ ಇನ್ನೊಬ್ಬರು ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಈ ಜೊತೆಗಾರನನ್ನು ಡೈವರುಗಳು "ಬಡ್ಡಿ" ಎಂದು ಕರೆಯುತ್ತಾರೆ. ನಮ್ಮ ಕಸುಬಿನಲ್ಲಿ ಬಡ್ಡಿ ತಾನಾಗಿ ಬೆಳೆಯುತ್ತದೆ. ಅಲ್ಲಿನ ಬಡ್ಡಿ ತಾನಾಗಿ ದೂರ ಹೋಗುತ್ತಾನೆ, ಅದೂ ಕೈಯಲ್ಲಿ ಕ್ಯಾಮರಾ ಇದ್ದರೆ ಕೇಳುವುದೇ ಬೇಡ.

ಈಗ ಅಳಿಯನ ವಿಷಯಕ್ಕೆ ಮರಳುತ್ತೇನೆ. ಹೆದರಿದವನು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಸ್ವಂತಕ್ಕೆ ಒಂದು ಹೆಚ್ಚುವರಿ ಬಾಟಲಿ ಇಟ್ಟುಕೊಳ್ಳುತ್ತೇನೆ ಎಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಅರ್ಧ ಲೀಟರಿನ ಪುಟ್ಟ ಸಿಲಿಂಡರ್, ನೆತ್ತಿಯ ಮೇಲೆಯೇ ಮೌತ್‌ಪೀಸ್, ಜೊತೆಗೆ ಸೈಕಲ್ಲಿಗೆ ಗಾಳಿ ಹಾಕುವಂತಹ ಕೈಪಂಪು. ಬೆಲೆಯೂ ಅವನ ಕೈಗೆ ಎಟುಕುವಂತಹದು. ನೋಡಲು ಬಲು ಚಂದ. ನಾನು ಒಂದು ಹಳೆಯ ಪೇ-ಇನ್ ಸ್ಲಿಪ್ಪಿನ ಹಿಂಬದಿಯಲ್ಲಿ ಲೆಕ್ಕ ಹಾಕಲು ಕುಳಿತೆ. ಈ ಲೆಕ್ಕವನ್ನು ಓದುಗರೂ ಒಮ್ಮೆ ಮಾಡಿ ನೋಡಬೇಕು.

ನೆಲದ ಮೇಲೆ ನಿಧಾನವಾಗಿ ಉಸಿರಾಡುವ ಡೈವರನಿಗೆ ಮಿನಿಟಿಗೆ ಸುಮಾರು 20 ಲೀಟರ್ ಗಾಳಿ ಎಂದು ಹಿಡಿಯುತ್ತಾರೆ. ಗಾಬರಿಯಾದರೆ ದುಪ್ಪಟ್ಟು, ಅಂದರೆ 40. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ಬಾರ್ ಒತ್ತಡ ಹೆಚ್ಚುತ್ತದೆ. ಮೇಲೆ ಒಂದು, 10 ಮೀಟರಿನಲ್ಲಿ ಎರಡು, 20 ಮೀಟರಿನಲ್ಲಿ ಮೂರು. ಒತ್ತಡ ಹೆಚ್ಚಿದಷ್ಟೂ ಪ್ರತಿ ಉಸಿರಿಗೆ ಅಷ್ಟು ಪಾಲು ಹೆಚ್ಚು ಗಾಳಿ ಖರ್ಚು. ಆದ್ದರಿಂದ 20 ಮೀಟರ್ ಕೆಳಗೆ ಗಾಬರಿಗೊಂಡವನ ಖರ್ಚು ಮಿನಿಟಿಗೆ 120 ಲೀಟರ್. ಏನಾಯಿತು ಎಂದು ತಿಳಿದು, ಬಾಟಲಿ ಬಾಯಿಗಿಟ್ಟು ಹೊರಡಲು ಒಂದು ಮಿನಿಟು ಎನ್ನೋಣ: 120 ಲೀಟರ್. ಮೇಲೇರುವ ವೇಗ ಮಿನಿಟಿಗೆ 9 ಮೀಟರ್ ಮೀರಬಾರದು ಎನ್ನುತ್ತಾರೆ. ಅಂದರೆ ಎರಡು ಮಿನಿಟಿಗಿಂತ ಸ್ವಲ್ಪ ಹೆಚ್ಚು, ಸರಾಸರಿ ಒತ್ತಡ ಎರಡು ಬಾರ್: ಇನ್ನೊಂದು 178 ಲೀಟರ್. 5 ಮೀಟರಿನಲ್ಲಿ ಮೂರು ಮಿನಿಟು ನಿಂತು ಬರುವ ಪದ್ಧತಿ ಇದೆ, ಅದಕ್ಕೆ 180. ಒಟ್ಟು 478 ಲೀಟರ್. ಆ ಕೊನೆಯ ನಿಲುಗಡೆಯನ್ನು ಆಪತ್ತಿನಲ್ಲಿ ಬಿಟ್ಟುಬಿಟ್ಟರೂ ಸುಮಾರು 300.

ಅರ್ಧ ಲೀಟರಿನ ಬಾಟಲಿಯನ್ನು 200 ಬಾರಿಗೆ ತುಂಬಿದರೆ ಒಳಗೆ ಎಷ್ಟು? 100 ಲೀಟರ್. ಕೆಳಗಿನ ಆ ಮೊದಲ ಮಿನಿಟಿಗೇ ಸಾಲದು. 10 ಮೀಟರ್ ಆಳಕ್ಕೆ ಇದೇ ರೀತಿ ಲೆಕ್ಕ ಹಾಕಿದರೆ ನಿಲುಗಡೆ ಇಲ್ಲದೆಯೇ ಹೆಚ್ಚು ಕಡಿಮೆ 147 ಲೀಟರ್ ಬೇಕು, ಅಲ್ಲಿಯೂ ಸಾಲದು. ಜೊತೆಗೆ ಕೈಪಂಪಿನ ಗಾಳಿ. ಡೈವಿಂಗ್ ಕೇಂದ್ರದ ಕಂಪ್ರೆಸರಿನಲ್ಲಿ ಎಣ್ಣೆಯ ಆವಿ, ತೇವ ತೆಗೆಯುವ ಫಿಲ್ಟರುಗಳು ಇರುತ್ತವೆ. ನಮ್ಮ ಅಳಿಯ ಎಲ್.ಬಿ.ಎಸ್. ಮಾರ್ಗದ ಪಕ್ಕದ ಬಾಲ್ಕನಿಯಲ್ಲಿ ನಿಂತು ಬೆವರು ಸುರಿಸಿ ತುಂಬಿದ ಗಾಳಿ ಎಂಥದ್ದಿರಬಹುದು, ಭಾಂಡುಪ್ ನಿವಾಸಿಗಳಿಗೆ ನಾನು ವಿವರಿಸಬೇಕಾಗಿಲ್ಲ.

ಸಣ್ಣ ಬಾಟಲಿಗಳೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ನೀರಿಗೆ ಬಿದ್ದ ಹೆಲಿಕಾಪ್ಟರಿನಿಂದ ಹೊರಬರಲು ಅದರ ಸಿಬ್ಬಂದಿಗೆ ಇಂತಹ ಪುಟ್ಟ ಬಾಟಲಿ ಕೊಡುತ್ತಾರೆ. ಅಲ್ಲಿ ಆಳ ಕಡಿಮೆ, ಬೇಕಾಗಿರುವುದು ಕೆಲವೇ ಉಸಿರು. ಪ್ರಸಿದ್ಧವಾದ ಸ್ಪೇರ್ ಏರ್ ಎಂಬ ಬಾಟಲಿಯ ದೊಡ್ಡ ನಮೂನೆಯಲ್ಲೂ ಇರುವುದು ಸುಮಾರು 85 ಲೀಟರ್ ಮಾತ್ರ. ಅದರ ಕೆಲಸಕ್ಕೆ ಅದು ಸರಿ. 20 ಮೀಟರಿನಲ್ಲಿ ಮೀನು ನೋಡುವವನಿಗೆ ಅದು ಧೈರ್ಯ ಕೊಡುತ್ತದೆ, ಗಾಳಿ ಕೊಡುವುದಿಲ್ಲ.

ಹಾಗಾದರೆ ಸ್ವಂತಕ್ಕೆ ಬೇಕೆನ್ನುವವನು ಏನು ಕೊಳ್ಳಬೇಕು? ಪೋನಿ ಬಾಟಲಿ ಎಂದು ಕರೆಯುವ ಮೂರು ಲೀಟರಿನ ಸಿಲಿಂಡರ್. 200 ಬಾರಿಗೆ 600 ಲೀಟರ್ ಆಯಿತು. ನಮ್ಮ 478 ಅದರಲ್ಲಿ ಸುಖವಾಗಿ ಹಿಡಿಯುತ್ತದೆ. ಅದಕ್ಕೆ ಅದರದ್ದೇ ಫಸ್ಟ್ ಸ್ಟೇಜ್, ಅದರದ್ದೇ ಮೌತ್‌ಪೀಸ್, ಅದರದ್ದೇ ಗೇಜ್. ಇದೇ ಬೇರೆ ಶಾಖೆಯಲ್ಲಿಟ್ಟ ನಕಲು ಕೀಲಿ. ನಮ್ಮ ಕಟ್ಟಡದ ಹಿರಿಯರು ಹೇಳಿದ್ದು ಇನ್ನೂ ನೆನಪಿದೆ. ಬಾಂಬೆ ಹೈಯಲ್ಲಿ ಅವರಿಗೆ ಮೇಲಿನ ಹಡಗಿನಿಂದ ಉದ್ದದ ಕೊಳವೆಯಲ್ಲಿ ಗಾಳಿ ಬರುತ್ತಿತ್ತು, ಮೇಲೆ ಅದನ್ನೇ ನೋಡಿಕೊಳ್ಳುವ ಜನ ಇದ್ದರು. ಅಷ್ಟಿದ್ದೂ ಬೆನ್ನಿಗೆ ಬೇರೆ ಬೇಲ್-ಔಟ್ ಬಾಟಲಿ ಇಲ್ಲದೆ ಒಂದು ದಿನವೂ ನೀರಿಗೆ ಇಳಿದಿಲ್ಲ. "ಒಂದು ದಿನವೂ ಅದು ಬೇಕಾಗಲಿಲ್ಲ, ಒಂದು ದಿನವೂ ಬಿಟ್ಟು ಹೋಗಲಿಲ್ಲ" ಎಂದರು.

ಆದರೆ ಪೋನಿ ಬಾಟಲಿಗೂ ಅದರ ತಾಪತ್ರಯಗಳಿವೆ. ಭಾರ ಹೆಚ್ಚು, ರೆಗ್ಯುಲೇಟರಿನ ಸಮೇತ ಬೆಲೆಯೂ ಹೆಚ್ಚು, ಪ್ರತಿ ವರ್ಷ ಸರ್ವೀಸ್ ಮಾಡಿಸಬೇಕಾದ ರೆಗ್ಯುಲೇಟರುಗಳು ಎರಡಾದವು. ತುಂಬಿದ ಸಿಲಿಂಡರನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ವಿದೇಶದಿಂದ ಯಾರಾದರೂ ತಂದುಕೊಟ್ಟರೂ ನಮ್ಮ ದೇಶದ ಗ್ಯಾಸ್ ಸಿಲಿಂಡರ್ ನಿಯಮದಂತೆ ಸ್ಫೋಟಕ ಇಲಾಖೆಯ ಒಪ್ಪಿಗೆ ಇಲ್ಲದ ಸಿಲಿಂಡರನ್ನು ತುಂಬಿಕೊಡುವಂತಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಹೋಗುವ ನಮ್ಮ ಹುಡುಗರಿಗೆ ನನ್ನ ಸಲಹೆ, ಪೋನಿ ಬಾಟಲಿ ಬಾಡಿಗೆಗೆ ಕೊಡುವ ಕೇಂದ್ರ ಯಾವುದೆಂದು ವಿಚಾರಿಸಿ ಅಲ್ಲಿಗೇ ಹೋಗಿ. ಹೋದಲ್ಲಿ ಸಿಲಿಂಡರಿನ ಹೆಗಲ ಮೇಲೆ ಒತ್ತಿದ ಕೊನೆಯ ಪರೀಕ್ಷೆಯ ತಿಂಗಳು, ವರ್ಷ ಓದಿ. ಬಾಯಿಂದ ಒಂದು ಮೌತ್‌ಪೀಸ್ ತೆಗೆದು ಇನ್ನೊಂದನ್ನು ಕಚ್ಚುವುದನ್ನು ಮೊದಲು ಐದಡಿ ನೀರಿನಲ್ಲಿ ಹತ್ತು ಸಲ ಮಾಡಿ. ಅಭ್ಯಾಸವಿಲ್ಲದ ಪೋನಿ ಬಾಟಲಿ ಬರಿಯ ಹೊರೆ.

ಇಲ್ಲೊಂದು ಮಾತು ಹೇಳಲೇಬೇಕು. 2021ರ ಕೊರೋನಾ ಎರಡನೇ ಅಲೆಯಲ್ಲಿ ನಮ್ಮ ಸಂಘ ಆಮ್ಲಜನಕದ ಸಣ್ಣ ಸಿಲಿಂಡರುಗಳನ್ನು ತಂದಿಟ್ಟಿತ್ತು. ಅವು ಈಗಲೂ ಕಚೇರಿಯ ಮೂಲೆಯಲ್ಲಿವೆ. ಸಭೆಯಲ್ಲಿ ಹಿರಿಯರೊಬ್ಬರು, ಅದನ್ನೇ ತುಂಬಿಸಿ ಮಕ್ಕಳಿಗೆ ಕೊಡಿ, ಬೇರೆ ಯಾಕೆ ಎಂದು ಪ್ರೀತಿಯಿಂದಲೇ ಹೇಳಿದರು. ಪತ್ರಿಕೆಗಳಲ್ಲೂ ಡೈವರ್ ಹೊತ್ತದ್ದನ್ನು "ಆಮ್ಲಜನಕ ಸಿಲಿಂಡರ್" ಎಂದೇ ಬರೆಯುವುದುಂಟು. ಅದು ಆಮ್ಲಜನಕ ಅಲ್ಲ, ನಾವು ಉಸಿರಾಡುವ ಇದೇ ಗಾಳಿಯನ್ನು ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಕೆಳಗೆ ಉಸಿರಾಡಿದರೆ ನೀರಿನಲ್ಲೇ ಸೆಳವು ಬಂದು ಪ್ರಾಣ ಹೋಗಬಹುದು. ಡೈವಿಂಗಿನಲ್ಲಿ ತೊಂದರೆಯಾಗಿ ಮೇಲೆ ಬಂದವನಿಗೆ ಕೊಡುವ ಪ್ರಥಮ ಚಿಕಿತ್ಸೆ ಮಾತ್ರ ಆಮ್ಲಜನಕವೇ. ಅದು ಇರಬೇಕಾದದ್ದು ದೋಣಿಯಲ್ಲಿ, ಬೆನ್ನಿನಲ್ಲಿ ಅಲ್ಲ.

ಹಾಗೆಯೇ ಊರಿನಲ್ಲಿ ಈಜು ಕಲಿತ ನಮ್ಮಂಥವರ ಇನ್ನೊಂದು ತಪ್ಪು ಕಲ್ಪನೆ. ಬಂಡೆಯಿಂದ ಪಚ್ಚಿಲೆ ಕೀಳುವವರು ಉಸಿರು ಕಟ್ಟಿ ಮುಳುಗಿ ಉಸಿರು ಕಟ್ಟಿಯೇ ಏಳುತ್ತಾರೆ. ಅವರು ಒಳಗೆಳೆದದ್ದು ಮೇಲಿನ ಗಾಳಿ. ಸಿಲಿಂಡರಿನ ಗಾಳಿಯನ್ನು 10 ಮೀಟರಿನಲ್ಲಿ ಎಳೆದು ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಆ ಗಾಳಿ ಎದೆಯೊಳಗೆ ಎರಡು ಪಾಲಾಗುತ್ತದೆ, ಶ್ವಾಸಕೋಶ ಹರಿಯುತ್ತದೆ. ಗಾಳಿ ಮುಗಿದಾಗ ಸಾಮಾನ್ಯ ಮನುಷ್ಯನಿಗೆ ತೋಚುವುದು ಇದೇ, ಉಸಿರು ಕಟ್ಟಿ ಮೇಲಕ್ಕೆ ನುಗ್ಗುವುದು. ಎರಡನೆಯ ಉಸಿರಿನ ಏರ್ಪಾಡು ಬೇಕಾಗಿರುವುದು ಆ ನುಗ್ಗುವಿಕೆಯನ್ನು ತಪ್ಪಿಸಲು.

ಜೊತೆಗಾರ ಸರಿಯಾಗಿದ್ದು ಗೇಜು ನೋಡುತ್ತಿದ್ದರೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಅಳಿಯನ ಸ್ನೇಹಿತರೇ ಹಾಗೆ ಹೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಇಂದಿನ ರೆಗ್ಯುಲೇಟರ್ ಕೆಟ್ಟರೂ ಹೆಚ್ಚಾಗಿ ಗಾಳಿ ನಿಲ್ಲುವುದಿಲ್ಲ, ಬದಲಿಗೆ ಭರ್ರೆಂದು ಹೊರಗೆ ಹರಿಯತೊಡಗುತ್ತದೆ. ಅದನ್ನು ಹಾಗೆಯೇ ರೂಪಿಸಿದ್ದಾರೆ. ಯಂತ್ರಕ್ಕಿಂತ ಹೆಚ್ಚಾಗಿ ಕೈಕೊಡುವುದು ಮನುಷ್ಯನ ಗಮನ. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನವರು 947 ಮಂದಿ ಹವ್ಯಾಸಿ ಡೈವರುಗಳ ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನಾಹುತದ ಮೊದಲ ಕಾರಣ ಗೊತ್ತಾದವುಗಳಲ್ಲಿ ಶೇಕಡ 41ರಷ್ಟು ಗಾಳಿ ಸಾಲದೆ ಬಂದವು. ಗೇಜು ಎಲ್ಲರ ಬಳಿಯೂ ಇರುತ್ತದೆ ಎಂಬುದನ್ನು ನೆನಪಿಡಬೇಕು. ಮುಳ್ಳು 50 ಬಾರಿಗೆ ಬರುವ ಮುನ್ನ ಮೇಲೆ ಬಂದಿರಬೇಕು ಎಂಬ ಪಾಠವನ್ನೂ ಎಲ್ಲರೂ ಕಲಿತಿರುತ್ತಾರೆ. ಆಮೆ ಕಂಡಾಗ ಮರೆಯುತ್ತದೆ. ಮರೆಯುವವರಿಗಾಗಿಯೇ ಹೆಚ್ಚುವರಿ ವ್ಯವಸ್ಥೆ ಬೇಕು. ಹಾಗೆಂದು ಪೋನಿ ಇದೆ ಎಂಬ ಭರವಸೆಯಲ್ಲಿ ಇನ್ನೈದು ಮಿನಿಟು ಕೆಳಗೆ ಇರುತ್ತೇನೆ ಎನ್ನುವವನಿಗೆ ಅದನ್ನು ಕೊಡಲೇ ಬಾರದು. ಎಫ್.ಡಿ. ಮುರಿದು ಹಬ್ಬ ಮಾಡುವ ಗ್ರಾಹಕರನ್ನು ನಾನು ದಿನಾ ನೋಡುತ್ತೇನೆ.

ನಮ್ಮ ಪ್ರವಾಸದ 18 ಮಂದಿಯಲ್ಲಿ ಯಾರೂ ಕಲಿತವರಲ್ಲ, ಎಲ್ಲರೂ ಮೊದಲ ಸಲದವರು. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯ ಹೆಸರನ್ನು ಮುಂಬಯಿಯ ಮಕ್ಕಳು ಕೇಳಿದ್ದೇ 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ'ಯಿಂದ. ಅಪ್ಪು ಇಳಿದ ನೀರಿಗೆ ನಾವೂ ಇಳಿಯಬೇಕು ಎಂಬ ಆಸೆ ತಪ್ಪಲ್ಲ. ಆದರೆ ಮೊದಲ ಸಲದವರಿಗೆ ಪೋನಿ ಬಾಟಲಿ ಕೊಟ್ಟು ಪ್ರಯೋಜನವಿಲ್ಲ, ಅವರಿಗೆ ಇನ್‌ಸ್ಟ್ರಕ್ಟರೇ ಎರಡನೆಯ ಉಸಿರು. ಒಬ್ಬ ಇನ್‌ಸ್ಟ್ರಕ್ಟರಿಗೆ ಇರುವುದು ಒಂದೇ ಹಳದಿ ಮೌತ್‌ಪೀಸ್. ಇಬ್ಬರನ್ನು ಕರೆದುಕೊಂಡು ಹೋದರೆ, ಇಬ್ಬರೂ ಒಟ್ಟಿಗೆ ಗಾಬರಿಯಾದರೆ, ಯಾರ ಬಾಯಿಗೆ? ಅಂತರರಾಷ್ಟ್ರೀಯ ಸಂಸ್ಥೆಗಳ ನಿಯಮದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅವಕಾಶ ಇದೆ ಎಂಬುದು ನನಗೆ ಗೊತ್ತು. ನಮ್ಮ ಮಕ್ಕಳ ವಿಷಯದಲ್ಲಿ ಒಬ್ಬರಿಗೆ ಒಬ್ಬರು ಎಂದೇ ನನ್ನ ಹಟ. ತಂಡ ತಂಡವಾಗಿ ಇಳಿಯಲಿ, ಒಂದು ಗಂಟೆ ತಡವಾಗಲಿ.

ಆಳದ ಮಾತನ್ನೂ ಬರೆಸಿಕೊಳ್ಳಬೇಕು. ಪಾಡಿ ಸಂಸ್ಥೆಯ ನಿಯಮದಂತೆ ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವಂತಿಲ್ಲ. ನಮ್ಮವರು ಬಸ್ಸಿನಲ್ಲಿ ಹೋಗಿಬರುವ ಮಾಲವಣ-ತಾರ್ಕರ್ಲಿಯಲ್ಲಿ ಸಿಂಧುದುರ್ಗ ಕೋಟೆಯ ಸುತ್ತಲಿನ ನೀರು ಇದಕ್ಕಿಂತ ಎಷ್ಟೋ ಕಡಿಮೆ ಆಳದ್ದು, ಅಲ್ಲಿ ಉಸಿರು ಬಿಡುತ್ತಾ ಮೇಲೆ ಬರುವುದೇ ಒಳ್ಳೆಯ ಉಪಾಯ. ಆದರೆ ಅಲ್ಲಿಯೇ 2022ರ ಮೇ 24ರಂದು ಸ್ಕೂಬಾ ಮುಗಿಸಿ ಮರಳುತ್ತಿದ್ದ ಪ್ರವಾಸಿಗರ ದೋಣಿ ತೀರದ ಹತ್ತಿರ ಮಗುಚಿ ಇಬ್ಬರು ಸತ್ತರು. ನೀರಿನ ಕೆಳಗೆ ಸುರಕ್ಷಿತವಾಗಿದ್ದವರು ನೀರಿನ ಮೇಲೆ ಮುಳುಗಿದರು. ಹಾಗಾಗಿ ಲೈಫ್ ಜಾಕೆಟಿನ ಲೆಕ್ಕವನ್ನೂ ನಾನು ಕೇಳಿದ್ದೇನೆ.

ಆ ಭಾನುವಾರದ ಸಭೆಯನ್ನು ತೀರ್ಮಾನವಿಲ್ಲದೆ ಮುಂದೂಡಲಾಯಿತು. ಮುಂಗಡ ಕಳುಹಿಸುವ ಮೊದಲು ಎರಡೂ ಕಡೆಯವರಿಗೆ ನಾನೇ ಸಂಘದ ಲೆಟರ್‌ಹೆಡ್‌ನಲ್ಲಿ ಬರೆದೆ. ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಮಂದಿ, ಎಷ್ಟು ಆಳ, ಅತಿಥಿಯ ಸೆಟ್ಟಿನಲ್ಲೂ ಇನ್‌ಸ್ಟ್ರಕ್ಟರ್ ಸೆಟ್ಟಿನಲ್ಲೂ ಆಕ್ಟೋಪಸ್ ಇದೆಯೇ, ಅದನ್ನು ಎದೆಯ ಮೇಲೆ ಎಳೆದ ಕೂಡಲೇ ಬಿಡುವಂತೆ ಸಿಕ್ಕಿಸುತ್ತೀರಾ ಅಥವಾ ಜೇಬಿಗೆ ತುರುಕುತ್ತೀರಾ, ಅತಿಥಿಯ ಗೇಜನ್ನು ಯಾರು ನೋಡುತ್ತಾರೆ, ರೆಗ್ಯುಲೇಟರುಗಳ ಸರ್ವೀಸ್ ಕೊನೆಗೆ ಯಾವಾಗ ಆಯಿತು, ದೋಣಿಯಲ್ಲಿ ಆಮ್ಲಜನಕ ಇದೆಯೇ. ಹೆಚ್ಚು ದರದವರು ಮರುದಿನವೇ ಒಂದೊಂದಕ್ಕೂ ಉತ್ತರ ಬರೆದು, ಆಕ್ಟೋಪಸ್ ಸಿಕ್ಕಿಸಿದ ಜಾಗದ ಫೋಟೋ ಕೂಡ ಕಳುಹಿಸಿದರು. ಕಡಿಮೆ ದರದವರಿಂದ ಬಂದದ್ದು ಮೂರೇ ಶಬ್ದ: "ಟೆನ್ಷನ್ ಬೇಡ ಸರ್".

ಬರುವ ಭಾನುವಾರ ಮತ್ತೆ ಸಭೆ ಇದೆ. 18 ಮಂದಿಗೆ 900ರಂತೆ 16,200 ರೂಪಾಯಿ ಹೆಚ್ಚು ಬೀಳುತ್ತದೆ. ಅಷ್ಟನ್ನು ಸಂಘದ ನಿಧಿಯಿಂದ ಕೊಡಬೇಕೆಂದು ನಾನು ಠರಾವು ಮಂಡಿಸಲಿದ್ದೇನೆ. ವಿರೋಧ ಬರುತ್ತದೆ ಎಂದು ಗೊತ್ತಿದೆ. ಅಳಿಯ ಅರ್ಧ ಲೀಟರಿನ ಬಾಟಲಿಯ ಆರ್ಡರ್ ರದ್ದು ಮಾಡಿ, ಆ ಹಣದಲ್ಲಿ ತನ್ನ ಸ್ವಂತ ರೆಗ್ಯುಲೇಟರಿಗೆ ಕಂತು ಕಟ್ಟಲು ಶುರು ಮಾಡಿದ್ದಾನೆ. ಅವನ ಅಮ್ಮನಿಗೆ ಆಮೆಯ ವಿಷಯ ಇನ್ನೂ ಹೇಳಿಲ್ಲ. ಇದನ್ನು ಓದಿದ ಮೇಲೆ ಅವಳಿಂದ ನನಗೆ ಫೋನ್ ಬರುವುದಂತೂ ಖಂಡಿತ.